ಕಾಗದ ಮುಟ್ಟಿತೇ? ಆದವಾನಿ ಸೀಮೆಯಿಂದ ಇ-ಮೇಲ್ ನಿಗಾ ಮತ್ತು ಅದರ ಹಂಚಿಕೆಯ ಚರಿತ್ರೆ

(ಆನ್‌ಲೈನ್ ವಿಚಾರ ಸಂಕಿರಣದಲ್ಲಿ ಮಂಡಿಸಿದ ಮಾತಿನ ಲಿಖಿತ ರೂಪ. ಮಾತಿನ ಧಾಟಿಯನ್ನು ಬಹುಮಟ್ಟಿಗೆ ಹಾಗೇ ಉಳಿಸಿಕೊಂಡಿದ್ದೇನೆ. ಕೊನೆಯ ಚರ್ಚೆಯಿಂದ ಎರಡು ಪ್ರಶ್ನೆಗಳನ್ನು ಸೇರಿಸಿದ್ದೇನೆ.)

ದನಿ ಸರಿಯಾಗಿ ಕೇಳ್ತಾ ಇದೆ ಅಂದುಕೊಳ್ತೀನಿ. ವಿಷಯದ ಹೆಸರು ನೋಡಿ ಕೆಲವರು ನಿನ್ನೆ ಗುಂಪಿನಲ್ಲಿ ಕೇಳಿದ್ರು: ಇದು ಕಂಪ್ಯೂಟರ್ ವಿಭಾಗದವರ ಮಾತಲ್ಲವೇ, ಚರಿತ್ರೆಯಲ್ಲಿ ಇದಕ್ಕೇನು ಕೆಲಸ ಅಂತ. ನಮ್ಮ ಹಿರಿಯರು ಕಾಗದ ಬರೆಯುವಾಗ ಕೊನೆಗೆ ಒಂದು ಸಾಲು ತಪ್ಪದೆ ಹಾಕ್ತಿದ್ರು, ಕಾಗದ ಮುಟ್ಟಿದ ಕೂಡಲೇ ಉತ್ತರ ಬರೆಯುವುದು ಅಂತ. ಆ ‘ಮುಟ್ಟಿದ’ ಅನ್ನುವ ಪದವೇ ಇವತ್ತಿನ ನನ್ನ ವಿಷಯ. ಕಳಿಸಿದ ಸುದ್ದಿ ಮುಟ್ಟಿತೋ ಇಲ್ಲವೋ ಅನ್ನೋದು ಯಾರಿಗೆ ಗೊತ್ತಾಗುತ್ತದೆ, ಗೊತ್ತಾದವರು ಅದನ್ನು ಜೊತೆಗಾರರಿಗೆ ಹೇಗೆ ತೋರಿಸುತ್ತಾರೆ? ಈಗ ಸಂಸ್ಥೆಗಳು ಇ-ಮೇಲ್ ಸರಿಯಾಗಿ ತಲುಪುತ್ತಿದೆಯೇ ಎಂದು ನೋಡುವ ಟೂಲ್‌ಗಳನ್ನು ಇಟ್ಟುಕೊಂಡಿರುತ್ತವೆ. ಆ ಟೂಲ್‌ನ ಬಾಗಿಲು ತಂಡದಲ್ಲಿ ಯಾರ್ಯಾರಿಗೆ ತೆರೆದಿರಬೇಕು ಅನ್ನುವ ಪ್ರಶ್ನೆ ಹೊಸದಲ್ಲ, ಅದಕ್ಕೆ ಟಪಾಲಿನಷ್ಟೇ ವಯಸ್ಸಾಗಿದೆ ಅನ್ನುವುದು ನನ್ನ ವಾದ.

ಆದವಾನಿಯನ್ನು ಯಾಕೆ ಹಿಡಿದುಕೊಂಡೆ ಅಂದ್ರೆ, ನಾನು ಆ ಕಡೆಯವನು ಅನ್ನೋದು ಒಂದು. ಇನ್ನೊಂದು, ಕಾಗದದ ವಿಳಾಸ ಒಂದು ದಿನ ಇದ್ದಕ್ಕಿದ್ದಂತೆ ಬದಲಾದ ಊರು ಅದು. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಆದಾಗ ಬಳ್ಳಾರಿ ಜಿಲ್ಲೆ ಒಡೆಯಿತು. ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೆ ಹೋದವು; ಬಳ್ಳಾರಿ ಮೈಸೂರಿಗೆ ಬಂತು. ಅಲ್ಲಿಯವರೆಗೆ ಬಳ್ಳಾರಿಯ ಕಲೆಕ್ಟರ್ ಕಚೇರಿಗೆ ಅರ್ಜಿ ಹಾಕುತ್ತಿದ್ದ ಆದವಾನಿಯವರು ಕರ್ನೂಲಿಗೆ ಹಾಕಬೇಕಾಯಿತು. ದಾರಿಯೂ ದೂರವಾಯಿತು. ಇವತ್ತಿಗೂ ಆದವಾನಿಯಿಂದ ಕರ್ನೂಲಿಗೆ ರೈಲಲ್ಲಿ ಹೋಗಬೇಕಂದ್ರೆ ಗುಂತಕಲ್, ಡೋನ್ ಸುತ್ತಿಕೊಂಡು ಹೋಗಬೇಕು. 2022ರಲ್ಲಿ ನಂದ್ಯಾಲ ಬೇರೆ ಜಿಲ್ಲೆಯಾದ ಮೇಲೆ ಕರ್ನೂಲು ಜಿಲ್ಲೆ ಅಂದ್ರೆ ಬಹುಪಾಲು ಈ ಪಡುವಣ ಭಾಗವೇ ಆಗಿದೆ. ಕನ್ನಡ ಮಾಧ್ಯಮದಲ್ಲಿ ಓದುವ ಮಕ್ಕಳು ಅಲ್ಲಿ ಈಗಲೂ ಇದ್ದಾರೆ. ಪರೀಕ್ಷೆ ಬರೆಯೋದು ಆಂಧ್ರದಲ್ಲಿ, ಮುಂದಿನ ಓದಿಗೆ ನೋಡೋದು ಬಳ್ಳಾರಿ, ರಾಯಚೂರು, ಬೆಂಗಳೂರಿನ ಕಡೆಗೆ. ಇಂಥ ಕಡೆ ಒಂದು ಸೂಚನೆ ಮುಟ್ಟದಿದ್ದರೆ ಒಂದು ವರ್ಷವೇ ಹೋಗುತ್ತದೆ.

ಮೊದಲು ಟಪಾಲು. ರಿಜಿಸ್ಟರ್ಡ್ ಎ.ಡಿ. ಎಲ್ಲರಿಗೂ ಗೊತ್ತು. ಲಕೋಟೆಗೆ ಅಂಟಿಸಿದ ಕಾರ್ಡಿನ ಮೇಲೆ ಪಡೆದವರು ಸಹಿ ಹಾಕ್ತಿದ್ರು, ಆ ಕಾರ್ಡು ಕಳಿಸಿದವರಿಗೆ ವಾಪಸ್ ಬರುತ್ತಿತ್ತು. 1897ರ ಜನರಲ್ ಕ್ಲಾಸಸ್ ಆಕ್ಟಿನ 27ನೇ ಕಲಮು ರಿಜಿಸ್ಟರ್ಡ್ ಅಂಚೆಗೆ ಕಾನೂನಿನ ಬಲ ಕೊಟ್ಟಿತು: ವಿಳಾಸ ಸರಿ ಇದ್ದು, ಹಾಸಲು ಕೊಟ್ಟು, ರಿಜಿಸ್ಟರ್ ಮಾಡಿ ಕಳಿಸಿದರೆ, ಬೇರೆ ರೀತಿ ಸಾಬೀತಾಗದ ಹೊರತು ಜಾರಿಯಾಯಿತು ಎಂದೇ ಲೆಕ್ಕ. ಇಲ್ಲಿ ನಾನು ಗಮನಿಸಬೇಕೆನ್ನುವುದು ಕಾನೂನಿಗಿಂತ ಆ ಕಾರ್ಡನ್ನು. ಅದು ಕೈಯಲ್ಲಿ ಹಿಡಿಯಬಹುದಾದ ವಸ್ತು. ಕಚೇರಿಗೆ ಬಂದ ಮೇಲೆ ಗುಮಾಸ್ತ ಅದನ್ನು ಕಡತಕ್ಕೆ ಹಾಕ್ತಿದ್ದ. ಮುಂದೆ ಆ ಗುಮಾಸ್ತ ವರ್ಗವಾಗಿ ಹೋದರೂ ಕಡತ ತೆರೆದವರಿಗೆ ಕಾರ್ಡು ಸಿಗುತ್ತಿತ್ತು. ‘ಮುಟ್ಟಿತು’ ಅನ್ನುವ ತಿಳಿವಳಿಕೆ ಒಬ್ಬ ವ್ಯಕ್ತಿಯ ಬಳಿ ಇರಲಿಲ್ಲ, ಕಡತದಲ್ಲಿತ್ತು. ಹಂಚಿಕೊಳ್ಳುವ ಏರ್ಪಾಡನ್ನು ಬೇರೆಯಾಗಿ ಯೋಚಿಸುವ ಅಗತ್ಯವೇ ಬರಲಿಲ್ಲ.

ತಂತಿ ಬಂದಾಗ ಇದು ಸ್ವಲ್ಪ ಬದಲಾಯಿತು. ಆದವಾನಿ ಹತ್ತಿಯ ಊರು. ಬಳ್ಳಾರಿ, ಆದವಾನಿ ಕಡೆಯ ಹತ್ತಿಗೆ ಪೇಟೆಯಲ್ಲಿ ‘ವೆಸ್ಟರ್ನ್ಸ್’ ಅಂತ, ಕರ್ನೂಲು, ನಂದ್ಯಾಲ ಕಡೆಯದಕ್ಕೆ ‘ನಾರ್ದರ್ನ್ಸ್’ ಅಂತ ಹೆಸರಿತ್ತು. 1871ರಲ್ಲಿ ಮದ್ರಾಸ್ ರೈಲ್ವೆಯ ಹಳಿ ರಾಯಚೂರಿನಲ್ಲಿ ಬೊಂಬಾಯಿ ಕಡೆಯ ಜಿಐಪಿ ಹಳಿಯನ್ನು ಸೇರಿದ ಮೇಲೆ, ಅದೇ ದಾರಿಯ ಮೇಲಿದ್ದ ಆದವಾನಿಯ ಅರಳೆಗೆ ಬೊಂಬಾಯಿ ಹತ್ತಿರವಾಯಿತು. ದೂರದ ಪೇಟೆಯ ಧಾರಣೆ ನಂಬಿ ವ್ಯಾಪಾರ ಮಾಡುವವರಿಗೆ ತಂತಿ ಮುಟ್ಟಿತೋ ಇಲ್ಲವೋ ಅನ್ನೋದು ರೊಕ್ಕದ ಪ್ರಶ್ನೆ. ಅಂತರರಾಷ್ಟ್ರೀಯ ತಂತಿ ನಿಯಮಗಳಲ್ಲಿ ಇದಕ್ಕೆ ಚಿಕ್ಕ ಗುರುತುಗಳಿದ್ದವು. ಆರ್‌ಪಿ ಅಂದ್ರೆ ಉತ್ತರದ ದುಡ್ಡು ಮೊದಲೇ ಕೊಟ್ಟಿದೆ. ಟಿಸಿ ಅಂದ್ರೆ ಒಕ್ಕಣೆಯನ್ನು ಮರಳಿ ಓದಿ ತಾಳೆ ನೋಡಬೇಕು. ಪಿಸಿ ಅಂದ್ರೆ ಮುಟ್ಟಿದ ಬಗ್ಗೆ ಕಳಿಸಿದವರಿಗೆ ತಿಳಿಸಬೇಕು. ಮೂರಕ್ಕೂ ಹೆಚ್ಚಿನ ದುಡ್ಡು. ಅಂದ್ರೆ ಮುಟ್ಟಿದ ಖಾತ್ರಿಯನ್ನು ಕಳಿಸುವವನು ಕೊಂಡುಕೊಳ್ಳಬಹುದಿತ್ತು. ನನ್ನ ಪ್ರಕಾರ ಇದು ದೊಡ್ಡ ಹಕ್ಕು. ಇ-ಮೇಲ್ ಕಾಲದಲ್ಲಿ ನಾವು ಕಳೆದುಕೊಂಡಿದ್ದು ಇದನ್ನೇ.

ತಂತಿಗೆ ಇನ್ನೊಂದು ಮುಖವೂ ಇತ್ತು. ಸುದ್ದಿ ಗುಮಾಸ್ತರ ಕೈಯಿಂದಲೇ ದಾಟಬೇಕು. ಅದಕ್ಕಾಗಿ ಹತ್ತಿ ವ್ಯಾಪಾರದ ದೊಡ್ಡ ಮನೆತನಗಳು ಕೋಡ್ ಪುಸ್ತಕ ಇಟ್ಟುಕೊಳ್ಳುತ್ತಿದ್ದವು. ಅದರಿಂದ ತಂತಿಯ ಖರ್ಚೂ ಕಡಿಮೆಯಾಗುತ್ತಿತ್ತು, ಗುಟ್ಟೂ ಉಳಿಯುತ್ತಿತ್ತು. 1885ರ ಟೆಲಿಗ್ರಾಫ್ ಕಾಯ್ದೆ ಒಕ್ಕಣೆಯನ್ನು ಅಕ್ರಮವಾಗಿ ಬಯಲು ಮಾಡುವ ನೌಕರನಿಗೆ ಶಿಕ್ಷೆ ಇಟ್ಟಿತ್ತು. ಅದೇ ಕಾಯ್ದೆ ಸರ್ಕಾರಕ್ಕೆ ತಡೆದು ನೋಡುವ ಅಧಿಕಾರವನ್ನೂ ಕೊಟ್ಟಿತ್ತು. ಮುಟ್ಟಿತೇ ಅಂತ ತಿಳಿಯುವುದು ಒಂದು, ಒಳಗೇನಿದೆ ಅಂತ ತಿಳಿಯುವುದು ಇನ್ನೊಂದು. ಈ ಎರಡನ್ನು ಬೇರೆ ಇಡಬೇಕು ಅನ್ನುವ ಪಾಠ ಆಗಲೇ ಇತ್ತು. ಇದನ್ನು ನೆನಪಿಟ್ಟುಕೊಳ್ಳಿ, ಆಮೇಲೆ ಬೇಕಾಗುತ್ತದೆ.

ಮೂರನೆಯದು ರೈಲಿನದ್ದು, ನನಗೆ ಬಹಳ ಇಷ್ಟವಾದದ್ದು. ಒಂಟಿ ಹಳಿಯ ಮಾರ್ಗದಲ್ಲಿ ಎರಡು ಸ್ಟೇಷನ್ನುಗಳ ನಡುವೆ ಒಂದೇ ಹೊತ್ತಿಗೆ ಒಂದೇ ಗಾಡಿ ಇರಬೇಕು. ಅದಕ್ಕೆ ನೀಲ್ ಟೋಕನ್ ಯಂತ್ರ ಅಂತ ಭಾರತದ ರೈಲ್ವೆಗಳಲ್ಲಿ ಬಹುಕಾಲ ಬಳಕೆಯಲ್ಲಿತ್ತು. ಪಕ್ಕಪಕ್ಕದ ಎರಡು ಸ್ಟೇಷನ್ನುಗಳಲ್ಲಿ ಒಂದೊಂದು ಯಂತ್ರ, ಎರಡಕ್ಕೂ ತಂತಿಯ ಸಂಪರ್ಕ. ಈ ಕಡೆಯ ಮಾಸ್ತರು ಟೋಕನ್ ಚೆಂಡು ತೆಗೆಯಬೇಕಾದರೆ ಆ ಕಡೆಯ ಮಾಸ್ತರು ಒಪ್ಪಿ ತಮ್ಮ ಯಂತ್ರದಿಂದ ಬಿಡುಗಡೆ ಕೊಡಬೇಕು. ಒಬ್ಬರಿಂದಲೇ ಆಗುವುದಿಲ್ಲ. ಹಳಿಯ ಸ್ಥಿತಿ ಎರಡೂ ಕಡೆ ಕಾಣುತ್ತದೆ. ರಾತ್ರಿ ಪಾಳಿಗೆ ಬೇರೆ ಮಾಸ್ತರು ಬಂದರೂ ಯಂತ್ರ ಅದೇ ಜಾಗದಲ್ಲಿ ಇರುತ್ತದೆ, ಯಾಕಂದ್ರೆ ಅದು ಸ್ಟೇಷನ್ನಿಗೆ ಸೇರಿದ್ದು, ಯಾವ ಮಾಸ್ತರಿಗೂ ಸೇರಿದ್ದಲ್ಲ. ಹಂಚಿಕೊಂಡ ನಿಗಾ ಅಂದ್ರೆ ಹೇಗಿರಬೇಕು ಅಂತ ಯಾರಾದರೂ ಕೇಳಿದರೆ ನಾನು ಈ ಯಂತ್ರವನ್ನೇ ತೋರಿಸುತ್ತೇನೆ.

ಈಗ ಇ-ಮೇಲ್‌ಗೆ ಬರೋಣ. ಜಾನ್ ಪೋಸ್ಟೆಲ್ 1982ರ ಆಗಸ್ಟಿನಲ್ಲಿ ಬರೆದ ಆರ್‌ಎಫ್‌ಸಿ 821ರಲ್ಲಿ ಎಸ್‌ಎಂಟಿಪಿ ನಿಯಮಗಳು ರೂಪು ಪಡೆದವು. ಎರಡು ಯಂತ್ರಗಳ ನಡುವಿನ ಸಂಭಾಷಣೆ ಅದು. ಕಾಗದ ಪಡೆದ ಯಂತ್ರ 250 ಅಂತ ಉತ್ತರಿಸಿದರೆ ಒಪ್ಪಿಕೊಂಡೆ ಅಂತ ಅರ್ಥ. ವಿಳಾಸ ಇಲ್ಲದಿದ್ದರೆ ಕಾಗದ ಬೌನ್ಸ್ ಆಗಿ ವಾಪಸ್ ಬರುತ್ತದೆ. ಎ.ಡಿ. ಕಾರ್ಡಿನಂಥದ್ದನ್ನು ಮಾಡುವ ಪ್ರಯತ್ನಗಳೂ ನಡೆದವು. 1996ರಲ್ಲಿ ತಲುಪಿದ ಸ್ಥಿತಿಯನ್ನು ತಿಳಿಸುವ ವಿಧಾನ, 1998ರಲ್ಲಿ ಓದಿದ್ದನ್ನು ತಿಳಿಸುವ ವಿಧಾನ. ಎರಡೂ ಸಾಮಾನ್ಯ ಬಳಕೆಗೆ ಸರಿಯಾಗಿ ಹಿಡಿಯಲಿಲ್ಲ. ವಿಳಾಸ ಜೀವಂತ ಇದೆ ಅಂತ ಖಾತ್ರಿ ಕೊಟ್ಟರೆ ಅದರ ಮೊದಲ ಲಾಭ ಸ್ಪ್ಯಾಮ್ ಕಳಿಸುವವರಿಗೇ ಅನ್ನುವುದು ಒಂದು ಕಾರಣ.

ಸ್ಪ್ಯಾಮ್ ಎಲ್ಲವನ್ನೂ ತಿರುಗಿಸಿತು. 1978ರ ಮೇ ತಿಂಗಳಲ್ಲಿ ಡಿಇಸಿ ಕಂಪನಿಯ ಗ್ಯಾರಿ ಥ್ಯೂರ್ಕ್ ಅರ್ಪಾನೆಟ್‌ನ ಸುಮಾರು 400 ಜನಕ್ಕೆ ಕಳಿಸಿದ ಜಾಹೀರಾತಿನಿಂದ ಈ ಕತೆ ಶುರುಮಾಡುವುದು ವಾಡಿಕೆ. ಆದರೆ ನಿಜವಾದ ತಿರುವು 1990ರ ದಶಕದ ಕೊನೆಯಲ್ಲಿ. 1998ರಲ್ಲಿ ಸ್ಪ್ಯಾಮ್‌ಹೌಸ್, ಅದರ ಆಸುಪಾಸಿನಲ್ಲೇ ಇನ್ನಿತರ ತಡೆಪಟ್ಟಿಗಳು ಬಂದವು. ಆಮೇಲೆ ಪದಗಳ ಸಂಭವ ಲೆಕ್ಕ ಹಾಕಿ ಸೋಸುವ ಜರಡಿಗಳು, ‘ಇದು ಸ್ಪ್ಯಾಮ್’ ಅನ್ನುವ ಗುಂಡಿ. ಇದರ ಫಲವಾಗಿ 250 ಅನ್ನುವ ಉತ್ತರದ ಅರ್ಥವೇ ಸವೆದುಹೋಯಿತು. ಯಂತ್ರ ಒಪ್ಪಿಕೊಂಡಿತು ಅಷ್ಟೇ; ಕಾಗದ ಇನ್‌ಬಾಕ್ಸಿಗೆ ಹೋಯಿತೋ ಸ್ಪ್ಯಾಮ್ ಪೆಟ್ಟಿಗೆಗೆ ಹೋಯಿತೋ ಕಳಿಸಿದವರಿಗೆ ಗೊತ್ತಾಗುವುದಿಲ್ಲ. ಅಂಚೆಯಣ್ಣ ಕಾಗದವನ್ನು ಮನೆಯ ಕಾಂಪೌಂಡಿನೊಳಗೆ ತಂದ, ಆದರೆ ಹಟ್ಟಿಯಲ್ಲಿ ಹುಲ್ಲಿನಡಿ ಇಟ್ಟು ಹೋದ ಅಂದ ಹಾಗೆ. ಮುಟ್ಟಿದ ತಿಳಿವಳಿಕೆ ಕಳಿಸುವವರ ಕೈ ಬಿಟ್ಟು, ಪಡೆಯುವವರ ಪರವಾಗಿ ನಿಂತ ದೊಡ್ಡ ಕಂಪನಿಗಳ ಒಳಗೆ ಸೇರಿಕೊಂಡಿತು.

2015ರಲ್ಲಿ ಗೂಗಲ್ ‘ಪೋಸ್ಟ್‌ಮಾಸ್ಟರ್ ಟೂಲ್ಸ್’ ಅಂತ ಒಂದು ಕಿಟಕಿ ತೆರೆಯಿತು. ನಿಮ್ಮ ಡೊಮೇನ್ ನಿಮ್ಮದೇ ಅಂತ ಡಿಎನ್‌ಎಸ್‌ನಲ್ಲಿ ಒಂದು ಗುರುತು ಬರೆದು ತೋರಿಸಿದರೆ, ಜಿಮೇಲ್ ಬಳಕೆದಾರರಲ್ಲಿ ಎಷ್ಟು ಪಾಲು ಜನ ನಿಮ್ಮ ಕಾಗದವನ್ನು ಸ್ಪ್ಯಾಮ್ ಅಂದರು, ಸಹಿ ಪರೀಕ್ಷೆಗಳಲ್ಲಿ ಎಷ್ಟು ಪಾಸಾದವು ಅಂತ ನಕ್ಷೆ ಕಾಣುತ್ತದೆ. ಮೊದಲು ನೋಂದಾಯಿಸಿದವರು ತಮ್ಮ ಸ್ವಂತ ಗೂಗಲ್ ಖಾತೆಯಿಂದ ಒಳಹೋಗುತ್ತಾರೆ. ಬೇಕಾದರೆ ಇನ್ನೊಬ್ಬರ ಖಾತೆಯನ್ನು ಸೇರಿಸಿ ನೋಡುವ ಅವಕಾಶ ಕೊಡಬಹುದು. ಬೇಕಾದರೆ! ತೊಡಕು ಇರೋದು ಈ ಪದದಲ್ಲೇ. ಸೇರಿಸುವುದು ಒಬ್ಬರ ಇಚ್ಛೆಗೆ ಬಿಟ್ಟದ್ದು, ಬಹಳ ಕಡೆ ಯಾರೂ ಸೇರಿಸುವುದೇ ಇಲ್ಲ.

‘ಪೋಸ್ಟ್‌ಮಾಸ್ಟರ್’ ಅನ್ನುವ ಹೆಸರನ್ನೇ ನೋಡಿ. 1982ರ ನಿಯಮಗಳಲ್ಲೇ ಪ್ರತಿ ಡೊಮೇನ್‌ನಲ್ಲೂ ಪೋಸ್ಟ್‌ಮಾಸ್ಟರ್ ಅನ್ನುವ ವಿಳಾಸ ಇರಬೇಕು ಅಂತ ಇತ್ತು. 1997ರಲ್ಲಿ ಡೇವ್ ಕ್ರಾಕರ್ ಬರೆದ ಆರ್‌ಎಫ್‌ಸಿ 2142 ಇಂಥ ವಿಳಾಸಗಳ ಪಟ್ಟಿಯನ್ನೇ ಕೊಟ್ಟಿತು: ದೂರಿಗೆ ಅಬ್ಯೂಸ್, ಡಿಎನ್‌ಎಸ್‌ಗೆ ಹೋಸ್ಟ್‌ಮಾಸ್ಟರ್, ಹೀಗೆ. ಅಲ್ಲಿದ್ದ ಕಲ್ಪನೆ ಹುದ್ದೆಯದ್ದು. ಹುದ್ದೆಗೆ ಬಂದ ಕಾಗದವನ್ನು ಆ ದಿನ ಆ ಕೆಲಸದಲ್ಲಿ ಇರುವವರು ನೋಡಬೇಕು. ಹೆಸರು ಉಳಿದು, ಒಳಗೆ ಒಬ್ಬ ವ್ಯಕ್ತಿಯ ಲಾಗಿನ್ ಬಂದು ಕೂತದ್ದು ಆಮೇಲಿನ ಬೆಳವಣಿಗೆ.

ನಮ್ಮ ಕಡೆಯವರಿಗೆ ಇದನ್ನು ಕರಣಂ ಅಂದ್ರೆ ಬೇಗ ಅರ್ಥವಾಗುತ್ತದೆ (ಮೈಸೂರು ಕಡೆಯವರು ಶಾನುಭೋಗರು ಅಂದುಕೊಳ್ಳಿ). ಊರಿನ ಲೆಕ್ಕ ಊರಿನದ್ದು, ಆದರೆ ದಫ್ತರ ಇರುವುದು ಕರಣಂ ಮನೆಯಲ್ಲಿ. ಹೊಲದ ಸರ್ವೆ ನಂಬರು ನೋಡಬೇಕಂದ್ರೆ ಅವರ ಮನೆಯ ಜಗಲಿಗೇ ಹೋಗಬೇಕು, ‘ಸ್ವಾಮೇರು ಊಟ ಮಾಡಾಕತ್ಯಾರ’ ಅಂದ್ರೆ ಕಾಯಬೇಕು. ಕರ್ನಾಟಕ ಈ ವಂಶಪಾರಂಪರ್ಯ ಹುದ್ದೆಗಳನ್ನು ತೆಗೆಯಲು 1961ರಲ್ಲಿ ಕಾಯ್ದೆ ಮಾಡಿತು; ಆಂಧ್ರದಲ್ಲಿ ಎನ್.ಟಿ. ರಾಮರಾವ್ ಸರ್ಕಾರ 1984ರಲ್ಲಿ ತೆಗೆಯಿತು. ಅಂದ್ರೆ ಗಡಿಯ ಆಚೆ ಈಚೆ ಎರಡು ದಶಕಗಳ ಅಂತರ. ಕರಣಂ ಕೆಟ್ಟವರು ಅಂತ ನಾನು ಹೇಳ್ತಿಲ್ಲ, ಎಷ್ಟೋ ಜನ ಬಹಳ ಅಚ್ಚುಕಟ್ಟಾಗಿ ಲೆಕ್ಕ ಇಟ್ಟವರು. ಮಾತು ಇರೋದು ದಫ್ತರ ಎಲ್ಲಿರಬೇಕು ಅನ್ನೋದರ ಬಗ್ಗೆ.

ಒಂದು ಉದಾಹರಣೆ ಕೊಡ್ತೀನಿ. ಗುಂಪಿನ ಹೆಸರು ಬೇಡ. ಆದವಾನಿ, ಆಲೂರು ಕಡೆಯ ಕನ್ನಡ ಮಾಧ್ಯಮದ ಮಕ್ಕಳಿಗೆ ಕರ್ನಾಟಕದ ಪ್ರವೇಶ, ವಿದ್ಯಾರ್ಥಿವೇತನ, ಗಡಿನಾಡು ಕನ್ನಡಿಗ ಮೀಸಲಾತಿಯ ಅರ್ಜಿ, ಇವುಗಳ ಸೂಚನೆ ಕಳಿಸುವ ಒಂದು ಚಿಕ್ಕ ಸ್ವಯಂಸೇವಾ ಗುಂಪಿನಲ್ಲಿ ನಾನಿದ್ದೆ. ಸುಮಾರು 200 ವಿಳಾಸಗಳ ಪಟ್ಟಿ. ಒಂದು ಬೇಸಿಗೆಯಲ್ಲಿ ಹುಡುಗರು ಒಬ್ಬೊಬ್ಬರಾಗಿ ಫೋನ್ ಮಾಡಿ ‘ಸರ, ಮೇಲ್ ಬಂದಿಲ್ರಿ’ ಅನ್ನತೊಡಗಿದರು. ನಮ್ಮ ಕಡೆ ಎಲ್ಲವೂ ಹೋಗಿದೆ ಅಂತ ತೋರಿಸುತ್ತಿತ್ತು. ಪೋಸ್ಟ್‌ಮಾಸ್ಟರ್ ಟೂಲ್ಸ್ ನೋಂದಾಯಿಸಿದ್ದ ಗೆಳೆಯ ಕೆಲಸ ಸಿಕ್ಕಿ ಹೈದರಾಬಾದಿಗೆ ಹೋಗಿದ್ದ, ಆ ಹಳೆಯ ಖಾತೆಯನ್ನು ತೆರೆಯುವುದನ್ನೇ ಬಿಟ್ಟಿದ್ದ. ಅವನಿಂದ ಅನುಮತಿ ಪಡೆಯಲು ಮೂರು ವಾರ ಹಿಡಿಯಿತು. ಕೊನೆಗೆ ಒಳಹೊಕ್ಕು ನೋಡಿದರೆ, ಖಾಲಿ! ತೋರಿಸಲು ಮಾಹಿತಿಯೇ ಇರಲಿಲ್ಲ. ದಿನಕ್ಕೆ ಸಾಕಷ್ಟು ದೊಡ್ಡ ಸಂಖ್ಯೆಯಲ್ಲಿ ಜಿಮೇಲ್‌ಗೆ ಕಳಿಸುವವರಿಗೆ ಮಾತ್ರ ಆ ನಕ್ಷೆಗಳು ತುಂಬುತ್ತವೆ. ಪಡೆಯುವವರ ಗುರುತು ಸಿಗಬಾರದು ಅನ್ನುವ ಕಾರಣಕ್ಕೆ ಚಿಕ್ಕ ಲೆಕ್ಕಗಳನ್ನು ಮರೆಮಾಡುತ್ತಾರೆ. ಕಾರಣ ಸರಿಯಾದದ್ದೇ. ಫಲ ಮಾತ್ರ ಹೀಗೆ: ಲಕ್ಷಗಟ್ಟಲೆ ಜಾಹೀರಾತು ಕಳಿಸುವವರಿಗೆ ಕಣ್ಣಿದೆ, 200 ಮಕ್ಕಳಿಗೆ ಕಳಿಸುವವರಿಗೆ ಇಲ್ಲ. ತಂತಿಯ ಕಾಲದಲ್ಲಿ ಒಂದೇ ಒಂದು ತಂತಿ ಕಳಿಸುವವನೂ ದುಡ್ಡು ಕೊಟ್ಟು ಪಿಸಿ ಕೇಳಬಹುದಿತ್ತಲ್ಲ, ಅದನ್ನು ಇದರ ಪಕ್ಕ ಇಟ್ಟು ನೋಡಿ.

ನಮಗೆ ಕಾರಣ ಸಿಕ್ಕಿದ್ದು ಬೇರೆ ದಾರಿಯಿಂದ. ಡಿಮಾರ್ಕ್ ಅನ್ನುವ ಪದ್ಧತಿಯನ್ನು 2012ರ ಜನವರಿಯಲ್ಲಿ ಕೆಲವು ದೊಡ್ಡ ಕಂಪನಿಗಳು ಕೂಡಿ ಪ್ರಕಟಿಸಿದವು. 2015ರ ಮಾರ್ಚಿನಲ್ಲಿ ಅದು ಆರ್‌ಎಫ್‌ಸಿ 7489 ಆಗಿ ಬಂತು. ಡೊಮೇನ್ ಒಡೆಯರು ಡಿಎನ್‌ಎಸ್‌ನಲ್ಲಿ ಒಂದು ಸಾಲು ಬರೆದಿಟ್ಟರೆ, ಅವರ ಹೆಸರಿನಲ್ಲಿ ಯಾವ ಯಾವ ಯಂತ್ರದಿಂದ ಎಷ್ಟು ಕಾಗದ ಬಂದವು, ಎಸ್‌ಪಿಎಫ್ ಮತ್ತು ಡಿಕಿಮ್ ಪರೀಕ್ಷೆಗಳಲ್ಲಿ ಪಾಸಾದವೇ ಅನ್ನುವ ವರದಿಯನ್ನು, ಪಡೆಯುವ ಕಂಪನಿಗಳು ಸಾಮಾನ್ಯವಾಗಿ ದಿನಕ್ಕೊಮ್ಮೆ ಎಕ್ಸ್‌ಎಂಎಲ್ ಕಡತವಾಗಿ ಕಳಿಸುತ್ತವೆ. ಕಾಗದ ಇನ್‌ಬಾಕ್ಸಿಗೆ ಹೋಯಿತೇ ಅಂತ ಅದು ಹೇಳುವುದಿಲ್ಲ. ಆದರೆ ನಾಲ್ಕು ಕಾಗದ ಕಳಿಸಿದರೂ ವರದಿ ಬರುತ್ತದೆ. ನಮ್ಮ ಕಾಗದಗಳಿಗೆ ಬಳಸುತ್ತಿದ್ದ ಸೇವೆ ನಮ್ಮ ಡೊಮೇನ್ ಹೆಸರಿನಲ್ಲಿ ಸಹಿ ಹಾಕುತ್ತಿರಲಿಲ್ಲ ಅನ್ನೋದು ಅಲ್ಲಿ ಎದ್ದು ಕಂಡಿತು. ಸರಿಪಡಿಸಲು ಅರ್ಧ ಗಂಟೆ ಸಾಕಾಯಿತು. ಅಷ್ಟರಲ್ಲಿ ಎರಡು ಅರ್ಜಿಗಳ ಕೊನೆಯ ದಿನಾಂಕ ದಾಟಿತ್ತು.

ಈ ವರದಿ ಎಲ್ಲಿಗೆ ಬರಬೇಕು ಅನ್ನುವುದರಲ್ಲಿ ಚರಿತ್ರೆಯವರಿಗೆ ಆಸಕ್ತಿ ಹುಟ್ಟಿಸುವ ಒಂದು ಸಂಗತಿ ಇದೆ. ಒಂದಕ್ಕಿಂತ ಹೆಚ್ಚು ವಿಳಾಸ ಬರೆಯಬಹುದು. ಗುಂಪಿನ ವಿಳಾಸ ಬರೆಯಬಹುದು. ಆಗ ಯಾರು ಬಂದರೂ ಯಾರು ಹೋದರೂ ವರದಿ ಕಡತಕ್ಕೇ ಬೀಳುತ್ತದೆ, ಎ.ಡಿ. ಕಾರ್ಡಿನ ಹಾಗೆ. ಬೇರೆ ಡೊಮೇನ್‌ನವರ ವಿಳಾಸ ಕೊಡಬೇಕಂದ್ರೆ, ಉದಾಹರಣೆಗೆ ಬಳ್ಳಾರಿಯಲ್ಲಿರುವ ಒಂದು ಸಂಸ್ಥೆ ನಮ್ಮ ಪರವಾಗಿ ನೋಡಲಿ ಅಂದ್ರೆ, ಆ ಡೊಮೇನ್‌ನವರೂ ತಮ್ಮ ಡಿಎನ್‌ಎಸ್‌ನಲ್ಲಿ ‘ಇವರ ವರದಿ ಪಡೆಯಲು ನಮಗೆ ಒಪ್ಪಿಗೆ ಇದೆ’ ಅಂತ ಬರೆಯಬೇಕು. ಇಲ್ಲದಿದ್ದರೆ ಕಳಿಸುವಂತಿಲ್ಲ. ಇದನ್ನು ಓದಿದಾಗ ನನಗೆ ಟೋಕನ್ ಯಂತ್ರ ನೆನಪಾಯಿತು. ನಿಯಮ ಬರೆದವರ ಮನಸ್ಸಿನಲ್ಲಿ ರೈಲು ಇತ್ತು ಅಂತ ನಾನು ಹೇಳುವುದಿಲ್ಲ. ಅವರ ಚಿಂತೆ ಬೇಡದ ವರದಿಗಳನ್ನು ಸುರಿದು ಯಾರನ್ನೋ ಮುಳುಗಿಸುವುದನ್ನು ತಡೆಯುವುದಾಗಿತ್ತು. ಆದರೂ ಎರಡು ಕಡೆಯ ಒಪ್ಪಿಗೆ ಇಲ್ಲದೆ ಹಂಚಿಕೆ ಇಲ್ಲ ಅನ್ನುವ ಅದೇ ಕಟ್ಟಳೆ ಮತ್ತೆ ಕಾಣಿಸಿಕೊಂಡಿದೆ.

2024ರ ಫೆಬ್ರವರಿಯಿಂದ ಗೂಗಲ್ ಮತ್ತು ಯಾಹೂ ನಿಯಮಗಳನ್ನು ಬಿಗಿ ಮಾಡಿದ್ದು ನಿಮಗೆ ಗೊತ್ತಿರಬಹುದು. ದಿನಕ್ಕೆ 5,000ಕ್ಕಿಂತ ಹೆಚ್ಚು ಕಾಗದ ಜಿಮೇಲ್‌ಗೆ ಕಳಿಸುವವರಿಗೆ ಡಿಮಾರ್ಕ್ ಕಡ್ಡಾಯ. ಸ್ಪ್ಯಾಮ್ ದೂರಿನ ಪ್ರಮಾಣ 0.3% ಮುಟ್ಟಬಾರದು ಅನ್ನುವುದು ಚಿಕ್ಕವರಿಗೂ ಅನ್ವಯಿಸುತ್ತದೆ. ಲೆಕ್ಕ ಹಾಕಿ: 200 ವಿಳಾಸದ ಪಟ್ಟಿಯಲ್ಲಿ ಒಬ್ಬ ಹುಡುಗ ಬೇಸರದಿಂದ ಗುಂಡಿ ಒತ್ತಿದರೆ 0.5% ಆಯಿತು. ಒಬ್ಬನೇ! ಅದೂ ನಮಗೆ ಕಾಣದ ನಕ್ಷೆಯಲ್ಲಿ.

ಕಾನೂನು ಯಾರ ಪರ ಇದೆ? ನಮ್ಮ 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 13ನೇ ಕಲಮಿನ ಪ್ರಕಾರ, ಬೇರೆ ಒಪ್ಪಂದ ಇಲ್ಲದಿದ್ದರೆ, ಪಡೆಯುವವರು ಸೂಚಿಸಿದ ಕಂಪ್ಯೂಟರ್ ವ್ಯವಸ್ಥೆಯೊಳಗೆ ದಾಖಲೆ ಪ್ರವೇಶಿಸಿದ ಕ್ಷಣವೇ ಅದು ಮುಟ್ಟಿದ ಕ್ಷಣ. ಸ್ಪ್ಯಾಮ್ ಪೆಟ್ಟಿಗೆಯೂ ಆ ವ್ಯವಸ್ಥೆಯ ಒಳಗೇ ಇದೆ ಅಂತ ವಾದಿಸಲು ಅಡ್ಡಿಯಿಲ್ಲ. ಅರ್ಜಿಯಲ್ಲಿ ಇ-ಮೇಲ್ ವಿಳಾಸ ಬರೆದುಕೊಟ್ಟ ಕೋಸಿಗಿಯ ಹುಡುಗಿ ಕಾಗದ ನೋಡಿಲ್ಲ, ಆದರೂ ಆಕೆಗೆ ಅದು ಮುಟ್ಟಿದೆ. 1897ರ ಕಾಯ್ದೆಯೂ ಮುಟ್ಟಿದೆ ಅಂತಲೇ ಊಹಿಸುತ್ತಿತ್ತು, ನಿಜ. ಆದರೆ ಅದರ ಜೊತೆಗೆ ಸಹಿಯ ಕಾರ್ಡು ಇತ್ತು, ಸಹಿ ತನ್ನದಲ್ಲ ಅಂತ ತೋರಿಸಲು ಜಾಗವೂ ಇತ್ತು. ಈಗ ಆಕೆ ಏನನ್ನು ತೋರಿಸಬೇಕು? ಕಳಿಸಿದ ಕಚೇರಿಯ ನಿಗಾ ಟೂಲಿನಲ್ಲಿ ಆ ವಾರ ಸಹಿ ಪರೀಕ್ಷೆಗಳು ಫೇಲಾಗಿದ್ದವು ಅನ್ನುವ ದಾಖಲೆ ಇರಬಹುದು. ಅದು ಒಬ್ಬ ನೌಕರನ ಲಾಗಿನ್‌ನಲ್ಲಿ ಇದ್ದರೆ ಕಚೇರಿಗೇ ಗೊತ್ತಿರುವುದಿಲ್ಲ, ಇನ್ನು ಆಕೆಗೆ ಹೇಗೆ ಗೊತ್ತಾಗಬೇಕು? ಈ ದಾಖಲೆ ಹುದ್ದೆಯ ವಿಳಾಸಕ್ಕೆ ಬರಬೇಕು, ತಂಡದ ಕನಿಷ್ಠ ಇಬ್ಬರು ಮೂವರು ನೋಡುವಂತಿರಬೇಕು, ಕಡತದ ಹಾಗೆ ಉಳಿಯಬೇಕು ಅಂತ ನಾನು ಹೇಳುವುದು ಇದಕ್ಕಾಗಿ.

ಪ್ರಶ್ನೆ (ಸಂಶೋಧನಾ ವಿದ್ಯಾರ್ಥಿನಿ): ಇಷ್ಟೆಲ್ಲ ಯಾಕೆ ಸರ್? ಒಂದು ಪಾಸ್‌ವರ್ಡ್ ಮಾಡಿ ತಂಡಕ್ಕೆಲ್ಲ ಕೊಟ್ಟರೆ ಆಗಲ್ವಾ? ನಮ್ಮ ವಿಭಾಗದಲ್ಲಿ ಹಾಗೇ ಮಾಡೋದು.

ಬಹಳ ಕಡೆ ಹಾಗೇ ನಡೀತಿದೆ. ಅದರ ಎರಡು ತೊಂದರೆ ಹೇಳ್ತೀನಿ. ಎರಡನೇ ಹಂತದ ಒಟಿಪಿ ಒಬ್ಬರ ಫೋನಿಗೇ ಹೋಗುತ್ತದೆ. ಆ ಫೋನು ಮತ್ತೆ ಕರಣಂ ಮನೆಯಾಯಿತು. ಎರಡು, ಯಾರೋ ಒಂದು ಡೊಮೇನನ್ನು ಪಟ್ಟಿಯಿಂದ ತೆಗೆದರೆ ತೆಗೆದವರು ಯಾರು ಅಂತ ತಿಳಿಯುವುದಿಲ್ಲ, ತಂಡ ಬಿಟ್ಟವರಿಂದ ಕೀಲಿ ವಾಪಸ್ ಪಡೆಯಲು ಎಲ್ಲರ ಕೀಲಿಯನ್ನೂ ಬದಲಿಸಬೇಕು. ಅವರವರ ಖಾತೆಗೆ ಬೇರೆ ಬೇರೆ ಅನುಮತಿ ಕೊಡೋದು ಐದು ನಿಮಿಷದ ಕೆಲಸ. ಆ ಪಟ್ಟಿಯನ್ನು ವರ್ಷಕ್ಕೆ ಎರಡು ಸಲ ಓದಿ ನೋಡೋದು ಇನ್ನೈದು ನಿಮಿಷ.

ಪ್ರಶ್ನೆ (ಅಧ್ಯಾಪಕರು): ಎಲ್ಲರೂ ನೋಡಬೇಕು ಅನ್ನುತ್ತೀರಿ. ಪಡೆದವರ ಖಾಸಗಿತನದ ಗತಿ ಏನು?

ಸರಿಯಾದ ಆಕ್ಷೇಪ, ಸರ್. ತಂತಿಯ ವಿಷಯದಲ್ಲಿ ಹೇಳಿದ ಭೇದ ಇಲ್ಲಿಗೆ ಬೇಕು. ದಿನದ ಒಟ್ಟು ವರದಿಯಲ್ಲಿ ಯಂತ್ರಗಳ ವಿಳಾಸ ಮತ್ತು ಎಣಿಕೆ ಇರುತ್ತದೆ, ಯಾರಿಗೆ ಬರೆದದ್ದು ಅಂತ ಇರುವುದಿಲ್ಲ. ಅದನ್ನು ತಂಡಕ್ಕೆಲ್ಲ ತೆರೆದಿಡಬಹುದು. ಡಿಮಾರ್ಕ್‌ನಲ್ಲೇ ಇನ್ನೊಂದು ಬಗೆಯ ವರದಿ ಇದೆ, ಪರೀಕ್ಷೆಯಲ್ಲಿ ಸೋತ ಒಂದೊಂದು ಕಾಗದದ ಬಗ್ಗೆಯೂ ಬೇರೆ ಬೇರೆ ಬರುವಂಥದ್ದು. ಅದರಲ್ಲಿ ಕಾಗದದ ತಲೆಬರಹ, ಕೆಲವೊಮ್ಮೆ ಒಕ್ಕಣೆಯೇ ಇರಬಹುದು. ದೊಡ್ಡ ಕಂಪನಿಗಳಲ್ಲಿ ಹೆಚ್ಚಿನವು ಅದನ್ನು ಕಳಿಸುವುದಿಲ್ಲ. ಬಂದರೂ ಅದನ್ನು ಗುಂಪಿನ ವಿಳಾಸಕ್ಕೆ ಹಾಕಬಾರದು, ಒಬ್ಬಿಬ್ಬರ ಜವಾಬ್ದಾರಿಯಲ್ಲಿಟ್ಟು ಬೇಗ ಅಳಿಸಬೇಕು. ನಮ್ಮ ಗುಂಪಿನಲ್ಲಿ ಆ ವರದಿಯನ್ನು ಕೇಳುವ ಸಾಲನ್ನೇ ಡಿಎನ್‌ಎಸ್‌ನಿಂದ ತೆಗೆದುಹಾಕಿದೆವು. ಒಟ್ಟು ವರದಿ ಈಗ ಮೂವರಿಗೆ ಹೋಗುತ್ತದೆ: ಒಬ್ಬರು ಆದವಾನಿಯಲ್ಲಿ, ಒಬ್ಬರು ಬಳ್ಳಾರಿಯಲ್ಲಿ, ಇನ್ನೊಬ್ಬರು ಹೈದರಾಬಾದಿಗೆ ಹೋದ ಆ ಗೆಳೆಯನೇ.